ಗುಂಡುಕಲ್ಲು ಕ್ಯಾಂಪಿನ ಹದಿನೇಳನೇ ಹೊಸ್ತಿಲು

ಕಂಪ್ಲಿ
೮ ಆಗಸ್ಟ್ ೨೦೦೭, ಬುಧವಾರ

ಒಂದೇ ಗೋಡೆಯ ಆಚೆ ಈಚೆ ನನ್ನ ಜೊತೆ ಬೆಳೆದ ತಾಯಕ್ಕನಿಗೆ,

ನಿನ್ನ ಗೆಳತಿ ಹಂಪಿಯ ಶರಣು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ. ಆದರೆ ಭಾನುವಾರದಿಂದ ನನಗೆ ಅನ್ನ ಸೇರುತ್ತಿಲ್ಲ, ಅದನ್ನೂ ಬರೆದುಬಿಡುತ್ತೇನೆ. ಈ ಕಾಗದವನ್ನು ಮೊದಲು ನೀನೇ ಓದು. ಎಷ್ಟು ಹೊತ್ತು ಹಿಡಿದರೂ ಸರಿ, ಅಕ್ಷರ ಕೂಡಿಸಿಕೊಂಡು ನೀನೇ ಓದು. ಆಮೇಲೆ ಮಗಳು ಚಂದ್ರಕಲಾಳ ಕೈಗೆ ಕೊಡುವುದು ಬಿಡುವುದು ನಿನ್ನಿಷ್ಟ.

ಭಾನುವಾರ ನಿನ್ನ ಮಗಳು ಫೋನ್ ಮಾಡಿದ್ದಳು. ಹೊಸಪೇಟೆಯಲ್ಲಿ ಅಳಿಯ ಲಿಂಗರಾಜ ಕಟ್ಟಿಸಿದ ಮನೆಗೆ ನೆಲಕ್ಕೆಲ್ಲ ಕನ್ನಡಿಯಂಥ ಟೈಲ್ಸ್, ಬಾಗಿಲಿಗೆ ಸಾಗವಾನಿ, ಆದರೆ ಹೊಸ್ತಿಲು ಮಾತ್ರ ಕ್ಯಾಂಪಿನ ಕಾಲದ್ದೇ ಆಗಬೇಕೆಂದು ತಾನೇ ಹಟ ಹಿಡಿದಿದ್ದೇನೆಂದಳು. ಶ್ರಾವಣದ ಮೊದಲ ಸೋಮವಾರ ಕೂರಿಸುವ ಮುಹೂರ್ತವಂತೆ. ಮರಿಯಮ್ಮನಹಳ್ಳಿಯ ನಿಮ್ಮ ಹಳೇ ಮನೆಯಿಂದ ಕಿತ್ತು ತಂದು ಬಡಗಿ ಅದನ್ನು ಮಗುಚಿ ಹಾಕಿದನಂತೆ. ಆಮೇಲೆ ಅವಳ ಮಾತಿನಲ್ಲೇ ಕೇಳು: "ಚಿಗವ್ವಾ, ನಮ್ಮ ಮುತ್ತಜ್ಜ ಹೊಸ್ತಿಲ ಕೆಳಗ ಗಿಣಿ ಕೆತ್ತಿದ್ದ ಅಂತ ನಾ ಸಣ್ಣಾಕಿ ಇದ್ದಾಗಿಂದ ಅವ್ವ ಹೇಳ್ಯಾಳ. ಇಲ್ಲಿ ನೋಡಿದ್ರ ಗಿಣೀನೂ ಇಲ್ಲ ಏನೂ ಇಲ್ಲ, ಮೂರು ಮೊಳಿ ಬಡದಾರ. ಬಡಿಗ್ಯಾರು ಕೈ ಮುಗದು ದೂರ ನಿಂತಾರ. ಅವ್ವನ್ನ ಕೇಳಿದ್ರ, ಕ್ಯಾಂಪಿನ ಕಥಿ ನನಗಿಂತ ಹಂಪಿಗೆ ಚೊಲೋ ಗೊತ್ತು, ಬರದು ಕಳಸು ಅನ್ನು, ಅಂತಾಳ."

ಕೊನೆಗೆ, ತನಗೆ ಆರು ತಿಂಗಳು ಎಂದಳು. "ಮೊಳಿ ಅಂದ್ರ ಕೆಟ್ಟದ್ದೇನು ಚಿಗವ್ವಾ? ಕೂರಸಬೇಕೋ ಬ್ಯಾಡೋ?" ಎಂದು ಕೇಳಿದಳು. ಲೈನ್ ಸರಿಯಾಗಿ ಕೇಳಿಸುತ್ತಿಲ್ಲ ಎಂದು ನಾನು ಫೋನ್ ಇಟ್ಟೆ. ಅಷ್ಟು ಸ್ಪಷ್ಟವಾಗಿ ಆ ಫೋನಿನಲ್ಲಿ ಯಾವತ್ತೂ ಕೇಳಿಸಿರಲಿಲ್ಲ.

ಕೂರಿಸಬೇಡಿ. ಅದನ್ನು ಮೊದಲೇ ಬರೆದುಬಿಟ್ಟೆ. ಯಾಕೆ ಎಂಬುದನ್ನು ಸುತ್ತಿ ಬಳಸಿ ಹೇಳುತ್ತೇನೆ. ಅದು ನನ್ನ ಹುಟ್ಟುಗುಣ, ನಿನಗೆ ಗೊತ್ತಿದ್ದದ್ದೇ.

ಹೊಳೆಗೆ ಅಡ್ಡಗಟ್ಟೆ ಎದ್ದಾಗ ಹಳೇ ಬೇವಿನಕಟ್ಟಿ ಮುಳುಗಿತು. ಆಗ ನಾವಿಬ್ಬರೂ ಹುಟ್ಟಿರಲಿಲ್ಲ. ಊರು ಬಿಟ್ಟವರಿಗೆ ಹಿನ್ನೀರಿನ ದಂಡೆಗೇ ಕಲ್ಲು ಕಟ್ಟುವ ಕೆಲಸ ಸಿಕ್ಕಿತು, ಅಲ್ಲೇ ಎರಡು ಸಾಲು ಮನೆ ಎದ್ದವು. ಆ ಕಡೆ ಇಪ್ಪತ್ತೊಂದು, ಈ ಕಡೆ ಇಪ್ಪತ್ತೊಂದು. ದೊಡ್ಡ ಗುಂಡುಕಲ್ಲಿನ ಪಕ್ಕ ಇದ್ದದ್ದಕ್ಕೆ ಗುಂಡುಕಲ್ಲು ಕ್ಯಾಂಪ್. ಕಲ್ಲಿನ ಗೋಡೆ, ತಗಡಿನ ಮಾಡು, ಸುಣ್ಣ ಬಳಿದು ಎಲ್ಲಾ ತಯಾರಾದ ಮೇಲೂ ಹೆಂಗಸರು ಒಳಗೆ ಕಾಲಿಡಲಿಲ್ಲವಂತೆ. ಮೂರು ದಿನ ಗಂಟುಮೂಟೆ ಸಮೇತ ಬೇವಿನ ಮರದ ಕೆಳಗೆ ಕೂತರಂತೆ. ಯಾಕೆಂದರೆ ಬಾಗಿಲಿಗೆ ಹೊಸ್ತಿಲೇ ಇರಲಿಲ್ಲ. ಓವರ್‌ಸಿಯರು ಬಂದು, "ಎಸ್ಟಿಮೇಟ್‌ನಾಗ ಹೊಸ್ತಿಲು ಇಲ್ಲಮ್ಮ," ಎಂದನಂತೆ. ನಮ್ಮವ್ವ ಕರೆಮ್ಮ ಆಗ ಹೊಸ ಮದುವಣಗಿತ್ತಿ. ಸೆರಗಿನ ಮರೆಯಿಂದಲೇ, "ಹಂಗಾರ ಅರಿಷಿಣ ಕುಂಕುಮ ನಿಮ್ಮ ಎಸ್ಟಿಮೇಟಿಗೇ ಹಚ್ಚೋಣೇನ್ರಿ?" ಎಂದಳಂತೆ. ಈ ಮಾತನ್ನು ಅವ್ವ ಸಾಯುವವರೆಗೂ ಹೇಳಿ ನಗುತ್ತಿದ್ದಳು.

ಕೊನೆಗೆ ಗಂಡಸರು ಬಂಡಿ ಕಟ್ಟಿಕೊಂಡು ಬೇವಿನಕಟ್ಟಿಗೆ ವಾಪಸು ಹೋದರು. ಅಷ್ಟು ಹೊತ್ತಿಗೆ ಕೆಳಗೇರಿಗೆ ನೀರು ಬಂದಿತ್ತು. ಮೊಣಕಾಲು ನೀರಲ್ಲಿ ನಿಂತು ಅವರವರ ಮನೆಯ ಹೊಸ್ತಿಲು ಕಿತ್ತು ತಂದರು. ಕಮರ ಮರದ ಗಟ್ಟಿ ಕಟ್ಟಿಗೆ, ನೆನೆದು ಎರಡರಷ್ಟು ಭಾರ. ನಿಮ್ಮಪ್ಪ ಸುಂಕಪ್ಪ ಮಾವನಿಗೆ ಬೆನ್ನು ಹಿಡಿದದ್ದು ಆವತ್ತೇ. ಇಡೀ ಊರು ನೀರಿಗೆ ಹೋಯಿತು, ನಲವತ್ತೆರಡು ಹೊಸ್ತಿಲು ಉಳಿದವು. ನಾವು ಹುಟ್ಟಿ ತೆವಳಿ ದಾಟಿದ್ದು ಅವುಗಳನ್ನೇ. ನಿನಗೆ ನಾನು ರಂಗೋಲಿ ಪುಡಿಯಲ್ಲಿ ಅಕ್ಷರ ಬರೆದು ತಿದ್ದಿಸಿದ್ದೂ ಹೊಸ್ತಿಲ ಮೇಲೆಯೇ. ಅವ್ವ ಬಂದು, "ಲಕ್ಷ್ಮಿ ತಲಿಮ್ಯಾಲೆ ಅಆಇಈ ಬರೀತೀರೇನ್ರೇ?" ಎಂದು ಇಬ್ಬರಿಗೂ ಬೆನ್ನಿಗೆ ಗುದ್ದಿದ್ದು ನೆನಪಿದೆಯೇ?

ನಮ್ಮದು ಹದಿನೇಳು, ನಿಮ್ಮದು ಹದಿನೆಂಟು. ನಡುವೆ ಒಂದೇ ಗೋಡೆ. ನಿಮ್ಮ ಕಡೆ ಐದು ಮಕ್ಕಳ ಗದ್ದಲ, ನಮ್ಮ ಕಡೆ ನಾನೊಬ್ಬಳೇ. ನನ್ನ ಹಿಂದೆ ಹುಟ್ಟಿದ ಮೂವರೂ ವರ್ಷ ತುಂಬುವುದರೊಳಗೆ ಹೋದರು. ಮೂರನೆಯವನು ಹೋದಾಗ ನನಗೆ ಎಂಟು ವರ್ಷ. ಅವನಿಗೆ ಎರಡು ಹಲ್ಲು ಬಂದಿದ್ದವು. ಆಮೇಲೆ ಯಾರೋ ಹೇಳಿದ್ದು ಕೇಳಿ ಅಪ್ಪ ಬೆಳಗಿನ ಜಾವ ಹೊಸ್ತಿಲು ಎಬ್ಬಿಸಿ, ಕೆಳಗಡೆ ಮೂರು ಮೊಳೆ ಬಡಿದು ಮತ್ತೆ ಕೂರಿಸಿದ. ಒಂದೊಂದು ಕೂಸಿಗೆ ಒಂದೊಂದು ಮೊಳೆ. ಸಾವು ಮತ್ತೆ ಈ ಹೊಸ್ತಿಲು ದಾಟದಿರಲಿ ಎಂದು. ಇದು ಹೊರಗೆ ಗೊತ್ತಾದರೆ ನನ್ನನ್ನು ಯಾರೂ ಮದುವೆಯಾಗುವುದಿಲ್ಲವೆಂದು ಅವ್ವ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ನಿನಗೆ ಹೇಳದೆ ಉಳಿಸಿಕೊಂಡ ಮೊದಲನೇ ಗುಟ್ಟು ಅದೇ ಇರಬೇಕು.

ಹೌದು ತಾಯಕ್ಕ, ಚಂದ್ರಕಲಾ ನೋಡಿದ ಮೊಳೆಗಳು ನಮ್ಮ ಮನೆಯವು. ನಿನ್ನ ಹತ್ತಿರ ಇರುವುದು ನಮ್ಮ ಹೊಸ್ತಿಲು. ನಿಮ್ಮ ಗಿಳಿ ನನ್ನ ಹತ್ತಿರ ಇದೆ. ಇಲ್ಲೇ, ನಾನು ಕೂತು ಬರೆಯುತ್ತಿರುವಲ್ಲಿಂದ ನಾಲ್ಕು ಹೆಜ್ಜೆ ಆಚೆ.

ಅದಲು ಬದಲಾದದ್ದು ಕ್ಯಾಂಪ್ ಬಿಟ್ಟ ದಿನ. ಎಪ್ಪತ್ನಾಲ್ಕರಲ್ಲಿ ಕೆಲಸ ಮುಗಿಯಿತು, ಕೂಲಿ ನಿಂತಿತು, ಶಾಲೆಯ ಮೇಷ್ಟ್ರೂ ಬರುವುದು ಬಿಟ್ಟರು. ಮಳೆಗಾಲಕ್ಕೆ ಹಿನ್ನೀರು ಕೆಳಸಾಲಿನ ಹಿತ್ತಿಲಿಗೆ ಬರುತ್ತಿತ್ತು, ಗೋಡೆ ಬೆವರುತ್ತಿತ್ತು, ಮನೆಗೊಬ್ಬರಂತೆ ಜ್ವರ. ಹೋಗುವುದೆಂದು ಎಲ್ಲರೂ ಕೂತು ತೀರ್ಮಾನ ಮಾಡಿದರು. ಹೋಗುವಾಗ ಹೊಸ್ತಿಲು ಬಿಟ್ಟು ಹೋಗುವಂತಿಲ್ಲ. ಬಿಟ್ಟುಬಂದ ಹೊಸ್ತಿಲು ಹೆಸರು ಹಿಡಿದು ಕೂಗುತ್ತದೆ ಎಂಬ ಮಾತಿತ್ತಲ್ಲ. ನಲವತ್ತೆರಡನ್ನೂ ಕಿತ್ತು ಗುಂಡುಕಲ್ಲಿನ ಹತ್ತಿರ ಒಟ್ಟಿದರು. ಎಲ್ಲವೂ ಒಂದೇ ಕಟ್ಟಿಗೆ, ಒಂದೇ ಅಳತೆ, ಅರಿಷಿಣ ಹತ್ತಿ ಹತ್ತಿ ಒಂದೇ ಬಣ್ಣ. ಗುರುತಿಗೆ ಮನೆಯ ನಂಬರು ಬರೆಯಲು ಏಳನೇ ತರಗತಿ ಪಾಸಾದ ನನಗೆ ಹೇಳಿದರು. ಮೇಲ್ಮೈಯಲ್ಲಿ ಬರೆಯುವಂತಿಲ್ಲ, ಕೆಳಮೈಗೆ ಕೆಮ್ಮಣ್ಣಿನ ಗೇರು ಕಲಸಿ ಬರೆದೆ. ಆಮೇಲೆ ಜೋರು ಮಳೆ ಬಂತು. ಗೇರು ತೊಳೆದುಹೋಯಿತು. ಲಾರಿಯವನು ಜಲ್ದಿ ಜಲ್ದಿ ಎಂದು ಬಾಯಿ ಮಾಡುತ್ತಿದ್ದ. ಗಡಿಬಿಡಿಯಲ್ಲಿ ನಿಮ್ಮದು ನಮ್ಮ ಲಾರಿಗೆ, ನಮ್ಮದು ನಿಮ್ಮ ಲಾರಿಗೆ ಹೋಯಿತು. ಕಂಪ್ಲಿಗೆ ಬಂದು ಇಳಿಸಿದಾಗ ಗಿಳಿ ಕಂಡಿತು.

ಆಗಲೇ ಹೇಳಬೇಕಿತ್ತು. ಒಂದು ಕಾರ್ಡು ಬರೆದರೆ ಸಾಕಿತ್ತು. ಇಡೀ ಕ್ಯಾಂಪಿಗೆ ಕಾಗದ ಬರೆದುಕೊಟ್ಟವಳಿಗೆ ತನ್ನದೊಂದು ಕಾರ್ಡು ಬರೆಯಲಾಗಲಿಲ್ಲ. ಅದೇ ವರ್ಷ ನನ್ನ ಮದುವೆ. ಉಳಿದವಳು ಒಬ್ಬಳೇ ಮಗಳೆಂದು ಅಪ್ಪ ಅವ್ವ ಕಂಪ್ಲಿಯಲ್ಲೇ ಮನೆ ಹಿಡಿದರು. ಮುಂದೆ ನಾವು ಮನೆ ಕಟ್ಟಿದಾಗ ಅದೇ ಹೊಸ್ತಿಲು ನಮ್ಮ ಬಾಗಿಲಿಗೆ ಬಂತು. ನನಗೆ ಮೂರು ಮಕ್ಕಳು, ಮೂವರೂ ಗಟ್ಟಿಮುಟ್ಟು. ಇವರ ರೈಸ್ ಮಿಲ್ಲು ಒಂದು ದಿನ ನಿಲ್ಲಲಿಲ್ಲ. ಅಲ್ಲಿ, ಅಪ್ಪನಿಗಾಗಿ ಮದುವೆಯಾದ ಮೇಲೂ ತವರಲ್ಲೇ ಉಳಿದ ನಿನಗೆ, ಮೊದಲನೇ ಕೂಸು ಹೋಯಿತೆಂದು ಸುದ್ದಿ ಬಂತು. ಎರಡು ವರ್ಷಕ್ಕೆ ಎರಡನೆಯದೂ. ಕ್ಯಾಂಪಿನ ಮಕ್ಕಳನ್ನು ತಿಂದದ್ದು ಹಿತ್ತಿಲ ಒರತೆಯ ನೀರು ಎಂದು ನಮ್ಮ ಡಾಕ್ಟರು ಆಮೇಲೆ ಎಷ್ಟೋ ಸಲ ಹೇಳಿದ್ದಾರೆ. ನಿನ್ನ ಮಕ್ಕಳದ್ದೂ ಅಂಥದ್ದೇ ಯಾವುದೋ ಕಾಯಿಲೆ ಇದ್ದೀತು. ಬುದ್ಧಿಗೆ ಅದು ತಿಳಿಯುತ್ತದೆ. ಬೆಳಿಗ್ಗೆ ಎದ್ದು ಹೊಸ್ತಿಲಿಗೆ ಅರಿಷಿಣ ಹಚ್ಚುವಾಗ ಮಾತ್ರ ನಿನ್ನ ಎರಡು ಕೂಸುಗಳನ್ನು ಎಣಿಸುತ್ತೇನೆ.

ಚಂದ್ರಕಲಾ ಹುಟ್ಟಿ ಉಳಿದಾಗ ಹಂಪಿ ಕ್ಷೇತ್ರಕ್ಕೆ ಹೋಗಿ ವಿರೂಪಾಕ್ಷನಿಗೆ ಹಣ್ಣುಕಾಯಿ ಮಾಡಿಸಿದೆ. ನಿನಗೆ ಹೇಳಲಿಲ್ಲ. ಮರಿಯಮ್ಮನಹಳ್ಳಿಗೆ ಮೂರು ಸಲ ಬಂದೆ. ಮೂರು ಸಲವೂ ನಿಮ್ಮ ಬಾಗಿಲಾಚೆ ಕಟ್ಟೆಯ ಮೇಲೆ ಕೂತು ಎದ್ದು ಬಂದೆ. "ಒಳಗ ಬಾರ, ಚಾ ಕುಡಿ," ಎಂದೆ ನೀನು. ಬಸ್ಸಿಗೆ ಹೊತ್ತಾಯಿತು ಎಂದೆ ನಾನು. ಮಿಲ್ಲಿನ ಸಾವ್ಕಾರ್ತಿಗೆ ಸೊಕ್ಕು ಬಂದಿದೆ ಎಂದು ನಿಮ್ಮ ಓಣಿಯವರು ಅಂದುಕೊಂಡರಂತೆ. ಅಂದುಕೊಳ್ಳಲಿ ಎಂದು ಸುಮ್ಮನಿದ್ದೆ. ಆ ಹೊಸ್ತಿಲು ದಾಟಲು ನನಗೆ ಕಾಲು ಬರಲಿಲ್ಲ.

ಹೋದ ಬೇಸಿಗೆಯಲ್ಲಿ ಇವರನ್ನು ಕಾಡಿ ಬೇಡಿ ಜೀಪಿನಲ್ಲಿ ಕ್ಯಾಂಪಿಗೆ ಹೋಗಿದ್ದೆ. ಮರಿಯಮ್ಮನಹಳ್ಳಿಯಿಂದಲೇ ಅದಿರಿನ ಲಾರಿಗಳು ಒಂದರ ಹಿಂದೆ ಒಂದು ನಿಂತಿದ್ದವು, ಮೂರು ಮೈಲಿಗೆ ಎರಡು ತಾಸು. ಬೇವಿನ ಮರದ ಎಲೆ ಕೆಂಪು, ದಂಡೆಯ ಕೊಕ್ಕರೆಯೂ ಕೆಂಪು. ಮೇಲ್ಸಾಲು ಪೂರ್ತಿ ಹೋಗಿದೆ, ಅಲ್ಲಿ ಅದಿರು ಗುಡ್ಡೆ ಹಾಕಿದ್ದಾರೆ. ಕೆಳಸಾಲಿನಲ್ಲಿ ಏಳೆಂಟು ಮನೆಯ ಗೋಡೆ ನಿಂತಿವೆ. ತಗಡಿಲ್ಲ, ಕದವಿಲ್ಲ, ಬಾಗಿಲಿದ್ದಲ್ಲಿ ಬರೀ ಸಂದು. ವಾಚ್‌ಮನ್ ಓಡಿ ಬಂದು, "ಯಾರು ಬೇಕಾಗಿತ್ತರಿ?" ಎಂದ. ಹದಿನೇಳನೇ ನಂಬರಿನವರು ಎಂದೆ. ಅವನು ಒಂದು ಗಳಿಗೆ ಯೋಚನೆ ಮಾಡಿ, "ಅಂಥಾ ಲಾರಿ ಇಲ್ಲಿ ಬಂದಿಲ್ಲರಿ," ಎಂದ. ಇವರು ನಕ್ಕರು. ನನಗೂ ನಗು ಬಂತು, ಹಿಂದೆಯೇ ಅಳುವೂ ಬಂತು.

ನಮ್ಮಿಬ್ಬರ ಮನೆಯ ನಡುವಿನ ಗೋಡೆ ಇನ್ನೂ ಇದೆ ತಾಯಕ್ಕ. ನೀನು ಒಲೆಯ ಹಿಂದೆ ಕೊರೆದಿದ್ದ ಕಿಂಡಿಯೂ ಇದೆ. ಅದರಲ್ಲಿ ಕೈ ಹಾಕಿ ನೋಡಿದೆ. ಹಿಂದೆ ಹುಣಸೆಹಣ್ಣು ಬರುತ್ತಿತ್ತು, ಈಗ ಅಂಗೈ ತುಂಬ ಕೆಂಪು ಧೂಳು ಬಂತು.

ಈಗ ಕೆಲಸದ ಮಾತು. ಶನಿವಾರ ನಮ್ಮ ಮಿಲ್ಲಿನ ಅಕ್ಕಿ ಲಾರಿ ಹೊಸಪೇಟೆಗೆ ಬರುತ್ತದೆ. ಅದರಲ್ಲಿ ನಿಮ್ಮ ಗಿಳಿಯ ಹೊಸ್ತಿಲು ಕಳಿಸುತ್ತೇನೆ. ಸೋಮವಾರದ ಮುಹೂರ್ತಕ್ಕೆ ಅದನ್ನು ಕೂರಿಸಿರಿ. ಮಗಳಿಗೆ, ಹುಟ್ಟುವ ಕೂಸಿಗೆ ನಿಮ್ಮ ಹಿರಿಯರ ಹೊಸ್ತಿಲೇ ಸಿಗಲಿ. ಇಷ್ಟು ವರ್ಷ ಬಾಯಿ ಬಿಡದೆ ಇದ್ದದ್ದಕ್ಕೆ ಬೈಯುವುದಿದ್ದರೆ ಬೈಯಿ. ಗಡಿಬಿಡಿಯಲ್ಲಿ ಆದ ತಪ್ಪು ಎಂದು ಸಾಧ್ಯವಾದರೆ ಹೊಟ್ಟೆಗೆ ಹಾಕಿಕೋ.

ಇಂತಿ ನಿನ್ನ ಗೋಡೆಯಾಚೆಯ
ಹಂಪಿ

ತಾ.ಕ.: ಮೇಲಿನದನ್ನೆಲ್ಲ ಬೆಳಿಗ್ಗೆ ಬರೆದು ಮುಗಿಸಿ, ಅಂಟು ಹಚ್ಚಿ ಇಟ್ಟಿದ್ದೆ. ಈಗ ಸಂಜೆ ಮತ್ತೆ ಬಿಚ್ಚಿದ್ದೇನೆ.

ಮಧ್ಯಾಹ್ನ ನಮ್ಮ ಬಡಗಿ ಗಾದಿಲಿಂಗಪ್ಪ ಬಂದು ಹೊಸ್ತಿಲು ಎಬ್ಬಿಸಿದ. "ಆಷಾಢದಾಗ ಬಾಗ್ಲ ಕೀಳಾಕ ಹತ್ತೀಯಲ್ಲ, ತಲಿ ನೆಟ್ಟಗೈತೇನು?" ಎಂದು ಇವರು ಅಂಗಳದಿಂದಲೇ ಕೂಗಿದರು. ಗಾದಿಲಿಂಗಪ್ಪ ಅದನ್ನು ಮಗುಚಿ ಧೂಳು ಒರೆಸಿದ. ಈ ಬಾಗಿಲಿಗೆ ಕೂರಿಸಿದಾಗ ನಾನು ಬಾಣಂತಿ, ಒಳಗಿದ್ದೆ. ಆಮೇಲೆ ಕೆಳಮೈ ಮತ್ತೆ ನೋಡಿರಲೇ ಇಲ್ಲ. ಗಿಳಿಯ ಬಾಲದ ಪಕ್ಕದಲ್ಲಿ ಗೇರಿನಲ್ಲಿ ಬರೆದ ನಂಬರು ಹಾಗೇ ಇದೆ. ೧೭. ನನ್ನದೇ ಕೈ, ಏಳರ ಬಾಲ ಸುರುಳಿ ಸುತ್ತಿದೆ.

ಮಳೆ ಬಂದದ್ದು ಸುಳ್ಳು ತಾಯಕ್ಕ. ಆವತ್ತು ಒಂದು ಹನಿ ಬಿದ್ದಿರಲಿಲ್ಲ.

ಒದ್ದೆ ಬಟ್ಟೆ ಹಿಡಿದು ಅಳಿಸಲು ಕೂತೆ, ಅದನ್ನೂ ಹೇಳಿಬಿಡುತ್ತೇನೆ. ಅಳಿಸಲಾಗಲಿಲ್ಲ. ಕ್ಯಾಂಪ್ ಬಿಡುವ ಹಿಂದಿನ ದಿನ ಅವ್ವ ನಮ್ಮ ಹೊಸ್ತಿಲ ಮುಂದೆ ಕೂತು ಅತ್ತಿದ್ದಳು. "ಇದನ್ನ ಬಿಟ್ಟು ಹೋಗಂಗಿಲ್ಲ, ಒಯ್ಯಂಗಿಲ್ಲ. ಇದನ್ನ ದಾಟಿ ನೀ ಹೊಟ್ಟಿ ಹೊತ್ಕೊಂಡು ಹೆಂಗ ಬರ್ತಿಯೇ?" ಎಂದು. ನನಗೆ ಹತ್ತೊಂಬತ್ತು, ಮದುವೆ ನಿಶ್ಚಯವಾಗಿತ್ತು. ಮರುದಿನ ಕೈಯಲ್ಲಿ ಗೇರಿನ ಡಬ್ಬಿ ಇತ್ತು. ನಿಮ್ಮ ಮನೆಯಲ್ಲಿ ಐದು ಮಕ್ಕಳೂ ಉಳಿದಿದ್ದವು. ಗಿಳಿಯ ಮೇಲೆ ಹದಿನೇಳು ಬರೆದೆ, ಮೊಳೆಯ ಮೇಲೆ ಹದಿನೆಂಟು ಬರೆದೆ. ಅಪ್ಪ ಅವ್ವ ನೋಡಿದರು, ಇಬ್ಬರೂ ತುಟಿ ಬಿಚ್ಚಲಿಲ್ಲ. ಬೇರೆ ನಲವತ್ತು ಮನೆ ಇದ್ದವು. ನಿಮ್ಮದನ್ನೇ ಯಾಕೆ ಆರಿಸಿದೆ ಎಂದು ಮೂವತ್ಮೂರು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ನಿಮ್ಮ ಹೊಸ್ತಿಲು ಒಳ್ಳೆಯದೆಂದು ನನಗೆ ಗೊತ್ತಿತ್ತು, ಅಷ್ಟೇ. ಗೊತ್ತಿದ್ದ ಮನೆಗೇ ಕನ್ನ ಹಾಕಿದೆ.

ನಂಬರು ನೋಡುತ್ತಾ ಕೂತಾಗ ಇನ್ನೊಂದು ತಿಳಿಯಿತು. ಆ ಕಾಲಕ್ಕಾಗಲೇ ಸುಂಕಪ್ಪ ಮಾವನಿಗೆ ಕಣ್ಣು ಕಾಣುತ್ತಿರಲಿಲ್ಲ. ಮರಿಯಮ್ಮನಹಳ್ಳಿಯಲ್ಲಿ ಹೊಸ್ತಿಲು ಮಗುಚಿ, ಒರೆಸಿ, ಕೂರಿಸಿದವಳು ನೀನೇ. ನೀನೇ ಹೇಳಿದ್ದೆ, ಒಬ್ಬಳೇ ಎತ್ತಿ ಕೂರಿಸಿದೆ ಎಂದು. ಹಾಗಾದರೆ ಮೊಳೆ ನಿನ್ನ ಕೈಗೆ ತಾಗಿದವು. ಗಿಳಿ ಇಲ್ಲದ್ದು ಕಂಡಿತು. ನಿನಗೆ ಅಂಕಿ ಕಲಿಸಿದ್ದೂ ನಾನೇ, ನನ್ನ ಕೈಬರಹ ನಿನಗೆ ಗೊತ್ತು.

ನಿನಗೆ ಅಂದಿನಿಂದಲೂ ಗೊತ್ತಿತ್ತು. ಎರಡು ಕೂಸು ಮಣ್ಣಿಗಿಟ್ಟು ಬಂದಾಗಲೂ ಗೊತ್ತಿತ್ತು. ನಾನು ಕಟ್ಟೆಯ ಮೇಲೆ ಕೂತು ಬಸ್ಸಿನ ನೆಪ ಹೇಳಿದಾಗ, ಒಳಗಿಂದ ಚಹಾ ತಂದು ಹೊಸ್ತಿಲಾಚೆಗೇ ಕೈಗೆ ಕೊಟ್ಟೆಯಲ್ಲ, ಆಗಲೂ ಗೊತ್ತಿತ್ತು. ಈಗ ಮಗಳ ಕೈಯಲ್ಲಿ "ಹಂಪಿಗೆ ಗೊತ್ತು, ಬರದು ಕಳಸು ಅನ್ನು" ಎಂದು ಹೇಳಿಸಿದ್ದು ತಿಳಿಯದೆ ಅಲ್ಲ. ನನ್ನ ಬಾಯಿಂದಲೇ ಬರಲಿ ಎಂದು ಕಾದಿದ್ದೀ.

ಪೂಜಿತಾಗೆ, ನನ್ನ ಸೊಸೆಗೆ, ಎಲ್ಲಾ ಹೇಳಿದೆ. ಅವಳ ಮಗ ತೆವಳಲು ಶುರು ಮಾಡಿದ್ದಾನೆ, ಇಷ್ಟರಲ್ಲೇ ಹೊಸ್ತಿಲು ದಾಟುವವನು. ಮೊಳೆಯ ಹೊಸ್ತಿಲು ವಾಪಸು ತರುತ್ತೇನೆ ಎಂದಾಗ ಅವಳು ಕೂಸನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಆಮೇಲೆ, "ಆ ಮೂರೂ ನಮ್ಮ ಮನಿ ಕೂಸುಗಳೇ ಅಲ್ಲೇನ್ರಿ ಅತ್ತಿ? ಎಷ್ಟು ದಿವಸ ಮಂದಿ ಮನ್ಯಾಗ ಬಿಡ್ತೀರಿ, ಕರ್ಕೊಂಡು ಬರ್ರಿ," ಎಂದಳು.

ಹೊಸ್ತಿಲಿದ್ದಲ್ಲಿ ಈಗ ಗೇಣಗಲದ ಹಳ್ಳ ಇದೆ. ಶನಿವಾರದ ಲಾರಿಯಲ್ಲಿ ಹೊಸ್ತಿಲಿನ ಜೊತೆ ನಾನೂ ಬರುತ್ತಿದ್ದೇನೆ. ಬಸ್ಸಿಗೆ ಹೊತ್ತಾಯಿತು ಎನ್ನುವ ಹಾಗೂ ಇಲ್ಲ. ಒಳಗೆ ಕರೆಯುವುದು ಬಿಡುವುದು ನಿನಗೆ ಬಿಟ್ಟದ್ದು. ಕರೆದರೆ ಈ ಸಲ ಬರುತ್ತೇನೆ.